ಸೀಮೆಸುಣ್ಣದ ಝ

ತ್ಬಿಲಿಸಿಯಲ್ಲಿ ನಾನು ಮೊದಲು ಓದಿದ ಪದ: ಪುರಿ.
ನೆಲಮಾಳಿಗೆಯ ಕಿಟಕಿಯ ಮೇಲೆ, ಕೆಂಪು ಬಣ್ಣದಲ್ಲಿ, ವಾಲಿಕೊಂಡು.
ನಮ್ಮ ಕಡಲೆಪುರಿಯಲ್ಲ; ಒಲೆಯ ಗೋಡೆಗೆ ಬಡಿದು ಬೇಯಿಸಿದ
ದೋಣಿಯಂಥ ರೊಟ್ಟಿ.
ನಮಗೆ ಎರಡಕ್ಷರ, ಅವರಿಗೆ ನಾಲ್ಕು.
ಅಲ್ಲಿ ಸ್ವರಗಳು ಯಾರ ಕೊಂಬೂ ಆಗುವುದಿಲ್ಲ,
ಗುಡಿಸಾಗಿ ಯಾರ ತಲೆಯ ಮೇಲೂ ಕೂರುವುದಿಲ್ಲ,
ವ್ಯಂಜನದ ಪಕ್ಕದಲ್ಲೇ ಸರದಿ ನಿಲ್ಲುತ್ತವೆ
ಬಿಸಿರೊಟ್ಟಿಗೆ ಕಾದ ಜನರ ಹಾಗೆ.

ಆಮೇಲೆ ಅದೇ ಚಟ.
ಮೂರು ದಿನ ಕತ್ತೆತ್ತಿಯೇ ನಡೆದೆ ಸೊಲೊಲಾಕಿಯ ಏರುಗಳಲ್ಲಿ.
ಬೀದಿ ಹೆಸರಿನ ನೀಲಿ ತಗಡು, ಮೊಳೆಯ ಸುತ್ತ ತುಕ್ಕು.
ಔಷಧಿ ಅಂಗಡಿಯ ನಿಯಾನ್, ಅರ್ಧ ಪದ ಆರಿಹೋದದ್ದು.
ಯಾರೋ ಕೈಯಾರೆ ಬರೆದ ಮನೆ ನಂಬರು ಏಳು,
ಪಕ್ಕದಲ್ಲೇ ನಗರಸಭೆಯ ಇನ್ನೊಂದು ಏಳು;
ಎರಡಕ್ಕೂ ಜಗಳವಿಲ್ಲ.
ಸತ್ತ ಸಾಹುಕಾರನೊಬ್ಬ ಹೊಸ್ತಿಲಲ್ಲಿ ಹಾಸಿದ ಲ್ಯಾಟಿನ್ ಸ್ವಾಗತ,
ತುಳಿದು ತುಳಿದು ಸವೆದದ್ದು.
ಎಲ್ಲ ತೆಗೆದೆ. ಅರ್ಥ ಕೇಳಲಿಲ್ಲ.
ಅರ್ಥ ಗೊತ್ತಾದರೆ ಅಕ್ಷರ ಕಾಣುವುದಿಲ್ಲ
ಎಂಬುದು ಆಗಿನ ನನ್ನ ವಾದ.

ನಾಲ್ಕನೆಯ ದಿನ ಒಂದು ಹಸಿರು ಹಲಗೆ.
ಹತ್ತು ಬಿಳಿ ಅಕ್ಷರ. ಕೊನೆಯದಕ್ಕೆ ಎರಡು ಡುಬ್ಬ, ಮಲಗಿದ ಒಂಟೆ.
ಮೂರನೆಯ ಕ್ಲಿಕ್ಕಿಗೆ ಬಾಗಿಲು ತೆರೆಯಿತು.
"ಕೆಡವುತ್ತೀರಾ?"
ಅಜ್ಜಿಯ ಪ್ರಶ್ನೆ, ಮೊಮ್ಮಗನ ಶಾಲೆಯ ಇಂಗ್ಲಿಷಿನಲ್ಲಿ.
ಹೋದ ಸಲ ಕ್ಯಾಮರಾ ಹಿಡಿದವರು ಬಂದುಹೋದ ಮೇಲೆ
ಎದುರು ಮನೆಗೆ ನೋಟಿಸು ಬಂತಂತೆ.
ಇಲ್ಲ, ಬರೀ ಅಕ್ಷರಕ್ಕಾಗಿ, ಎಂದೆ.
ತೋರ್ನಿಕೆ ಅನುವಾದಿಸಿದ. ತಾನೇ ನಂಬದೆ
ನನ್ನನ್ನು ಕೇಳಿ, ಮತ್ತೊಮ್ಮೆ ಅನುವಾದಿಸಿದ.
ಅಜ್ಜಿ ನಕ್ಕಳು. "ಹಾಗಾದರೆ ತಾಳಿ, ಮುಖ ತೊಳೆಸುತ್ತೇನೆ."

ಕುರ್ಚಿ ಬಂತು. ಒದ್ದೆ ಬಟ್ಟೆ ಬಂತು.
ಒಂಬತ್ತು ಅಕ್ಷರ ಬೆಳಗಿದವು.
ಹತ್ತನೆಯದು ಬಟ್ಟೆಗೇ ಅಂಟಿ ಬಂದುಬಿಟ್ಟಿತು,
ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಷ್ಟು ಸಲೀಸಾಗಿ.

ಅದು ಬಿಟ್ಟ ಜಾಗದಲ್ಲಿ
ಬೇರೊಂದು ಲಿಪಿಯ ನೀಲಿ ಮೊಣಕೈ.
"ಓ, ಅದು ನನಗಿಂತ ಮುಂಚಿನವನದು.
ಅರ್ಮೇನಿಯದವ, ಟೋಪಿ ಹೊಲಿಯುತ್ತಿದ್ದ,"
ಇನ್ನೂ ಒಳಗೇ ವಾಸವಿರುವ ಬಾಡಿಗೆದಾರನ ಬಗ್ಗೆ ಹೇಳುವಂತೆ
ಕುರ್ಚಿಯ ಮೇಲಿಂದಲೇ ಹೇಳಿದಳು.
ನನ್ನ ಬಾಯಲ್ಲಿ ಕ್ಷಮಿಸಿ, ಕ್ಷಮಿಸಿ.
"ಬಿಡಿ. ಪ್ಯಾಂಟು ಗಿಡ್ಡ ಮಾಡಿಸುವವರು
ಹಲಗೆ ಓದಿಕೊಂಡು ಬರುತ್ತಾರೆಯೇ?"

ಒಳಗೆ ಚಹಾ. ಎಳೆ ಅಕ್ರೋಟಿನ ಮುರಬ್ಬ, ಮಸಿಯಷ್ಟು ಕಪ್ಪು.
ಹೆಸರು ಝುಝುನಾ.
"ನಿಮ್ಮ ಲಿಪಿಯಲ್ಲಿ ಹೇಗೆ?" ಕತ್ತರಿಸುವ ಮೇಜು ತೋರಿಸಿ
ದರ್ಜಿಯ ಸೀಮೆಸುಣ್ಣ ಕೈಗಿಟ್ಟಳು.

ಝ!
ಒಂದನೇ ಕ್ಲಾಸಿನಲ್ಲಿ ಝರಿಯ ಚಿತ್ರದ ಪಕ್ಕ ತಿದ್ದಿದ್ದು.
ಆಮೇಲೆ ನನ್ನ ಬದುಕಿಗೆ ಝ ಬೇಕಾಗಿಯೇ ಇರಲಿಲ್ಲ.
ರ ಬರೆದು, ಮುಂದೇನು? ಬಾಲ ಎಲ್ಲಿ, ಸುರುಳಿ ಎಲ್ಲಿ,
ಕೊಂಬು ಎಲ್ಲಿಂದ ಏಳಬೇಕು?
ಅಳಿಸಿ, ಬರೆದು, ಅಂಗೈಯಲ್ಲಿ ಅಳಿಸಿ.
ಒಂದೇ ಹೆಸರಲ್ಲಿ ಎರಡೆರಡು ಬೇರೆ!
ಊರೆಲ್ಲ ಅಲೆದು ಪರರ ಅಕ್ಷರ ಹೆಕ್ಕಿದವನ
ಕಿವಿ ಬಿಸಿಯಾಯಿತು.
ಅವಳು ಕನ್ನಡಕ ಏರಿಸಿ ನೋಡಿದಳು.
"ಇದಕ್ಕೂ ಮೂಲೆಯಿಲ್ಲ. ಕಂಕುಳ ಕತ್ತರಿಸಿದಷ್ಟು ಕಷ್ಟ."

ಅಷ್ಟರಲ್ಲಿ ಗಿರಾಕಿ. ಕಪ್ಪು ಕೋಟು, ಉದ್ದ ತೋಳು, ನಾಳೆ ಮದುವೆ.
ಝುಝುನಾ ಗುಂಡಿ ಬಿಚ್ಚಿ, ಒಳಮೈ ಕೆಳಗಾಗಿ
ಮೇಜಿನ ತುಂಬ ಅದನ್ನು ಹಾಸಿ
ಎರಡೂ ಅಂಗೈ ಊರಿ ಒತ್ತಿದಳು.

ಬೆಟ್ಟ ಇಳಿಯುವಾಗ ಹೊಳೆಯಿತು:
ಸಾವಿರದ ಮುನ್ನೂರು ಚಿತ್ರಗಳಲ್ಲಿ ಅದೊಂದಿಲ್ಲ.
ಈಗ ಆ ಊರಿನ ಯಾವುದೋ ಮದುವೆಯೂಟದಲ್ಲಿ
ಲೋಟ ಎತ್ತಿದವನೊಬ್ಬನ ಒಳಜೇಬಿನ ಹತ್ತಿರ
ಕನ್ನಡಿಯಲ್ಲಿ ಮಾತ್ರ ಓದಬಹುದಾದ ಕನ್ನಡ,
ಹಾಡು ಜೋರಾದಂತೆ ಬೆವರಿಗೆ ಮಸುಕಾಗುತ್ತ,
ತಿರುವುಮುರುವು ಝು,
ಝು.