ಹೆಬ್ಬೆರಳು ಕಳೆದು

ಯೆರೆವಾನಿನ ಹೋಟೆಲಿನವರು ಕೇಳಿದ್ದು ಇಷ್ಟೇ:
ಗಾತಾ ರೊಟ್ಟಿ ಇನ್ನೂರು, ಶನಿವಾರದೊಳಗೆ.
ಜೊತೆಗೊಂದು ಪಟ್ಟಿ, ಒಂದು ಸಲದ ಕಲಸಿಗೆ
ಏನೇನು, ಎಷ್ಟೆಷ್ಟು,
ಗ್ರಾಮಿನಲ್ಲಿ.

ಗ್ರಾಮು!
ಅತ್ತೆ ಅರ್ಪೆನಿಕರ ಪುಸ್ತಕದಲ್ಲಿ ಆ ಪದವೇ ಇಲ್ಲ.
ಇರುವುದು ಲೋಟ.
ಹಿಟ್ಟು ಆರು ಲೋಟ. ಬೆಣ್ಣೆ, ಕರಗಿಸಿ, ಒಂದೂವರೆ.
ಮಾತ್ಸೂನ್ ಮೊಸರು ಒಂದು, ಹುಳಿಯಾದದ್ದು, ಬುಧವಾರದ್ದಲ್ಲ.
ಯಾವ ಬುಧವಾರ ಎಂದು ಕೇಳಬಾರದು.
ಉಪ್ಪು, ನೆನಪಾದಷ್ಟು.

ಲೋಟವಾದರೂ ಎಂಥದ್ದು,
ಮೈತುಂಬ ಹದಿನಾರು ಪಟ್ಟಿ ಕೊರೆದ ದಪ್ಪ ಗಾಜು,
ಗ್ಯೂಮ್ರಿ ರೈಲ್ವೆ ಕ್ಯಾಂಟೀನಿನಿಂದ ಮಾವ ತಂದದ್ದು.
ಕದ್ದದ್ದು, ಅನ್ನುತ್ತದೆ ಓಣಿ.
ಬಾಯಿಯ ಸುತ್ತ ಬಳೆಯಂಥ ಅಂಚು:
ಅಂಚಿನ ಬುಡಕ್ಕೆ ಇನ್ನೂರು ಮಿಲಿ,
ತುಟಿಯವರೆಗಾದರೆ ಇನ್ನೂರೈವತ್ತು.
ಅತ್ತೆಯದು ಯಾವಾಗಲೂ ತುಟಿಯವರೆಗೆ.

ನೀರು ತುಂಬಿದರೆ ಇನ್ನೂರೈವತ್ತು ಗ್ರಾಂ,
ಆಡಿದ ಮಾತು ಆಡಿದ ಹಾಗೆ.
ಹಿಟ್ಟು ತುಂಬಿದರೆ ನೂರರವತ್ತು,
ಒಳಗೆಲ್ಲ ಗಾಳಿ, ಜಂಬದ ಜಾತಿ;
ಜರಡಿ ಹಿಡಿದರೆ ಇನ್ನಷ್ಟು ಇಳಿಯುತ್ತದೆ,
ಲೋಟವನ್ನು ಮೇಜಿಗೆ ಕುಟ್ಟಿದರೆ ಏರುತ್ತದೆ.
ಜೇನು ಮುನ್ನೂರೈವತ್ತು, ಸುರಿದರೂ ಹೊರಡದು,
ಊಟ ಮುಗಿದರೂ ಏಳದ ಬೀಗರ ಹಾಗೆ.

ಮೂರು ರಾತ್ರಿ ಅಳೆದೂ ಸುರಿದೂ
ಕೊನೆಗೆ ಬರೆದೆ:
ಹಿಟ್ಟು ಒಂಬೈನೂರ ಅರವತ್ತು.
ಬೆಣ್ಣೆ ಮುನ್ನೂರ ಅರವತ್ತು.

ಗಾತಾ ಬೆಂದಿತು. ಚಂದವೂ ಇತ್ತು,
ಫೋಟೋ ತೆಗೆಸಿಕೊಳ್ಳಲು ಕೂತಂತೆ.
ಹೊಸ ತಕ್ಕಡಿ ತಂದ ಗಂಡ ಮ್ಕರ್ತಿಚ್ ಕಚ್ಚಿ ನೋಡಿ
ಹಲ್ಲು ಸವರಿಕೊಂಡ.
"ಬೂಟಿನ ಅಟ್ಟೆ" ಅಂದಳು ಪಕ್ಕದ ಮನೆಯ ಜೆಪ್ಯೂರ್.
ಒಲೆಯ ಬಳಿ ಕೂತ ಅತ್ತೆ ಏನೂ ಅನ್ನಲಿಲ್ಲ.
ಏನೂ ಅನ್ನದಿರುವುದು ಅವರಲ್ಲಿ
ಎರಡು ಕಿಲೋ ತೂಗುತ್ತದೆ.

"ನೀವೇ ಒಮ್ಮೆ ಅಳೆದು ತೋರಿಸಿ."

ಎದ್ದರು. ಚೀಲದ ಬಾಯಿ ಬಿಚ್ಚಿದರು.
ಲೋಟ ಹಿಡಿದರು, ನಾಲ್ಕು ಬೆರಳು ಹೊರಗೆ,
ಹೆಬ್ಬೆರಳು ಒಳಗೆ.
ಮುಳುಗಿಸಿ, ಎತ್ತಿ, ಇನ್ನೊಂದು ಅಂಗೈಯಂಚಿನಿಂದ ಸವರಿ,
ಸುರಿದರು. ಒಂದು. ಎರಡು.
ಹತ್ತೊಂಬತ್ತು ವರ್ಷ ಈ ಮನೆಯ ಸೊಸೆ ನಾನು.
ಹಿಟ್ಟು ನೋಡಿದ್ದೆ, ಲೋಟ ನೋಡಿದ್ದೆ,
ಹೆಬ್ಬೆರಳು ಕಂಡಿರಲಿಲ್ಲ.

ನೀರು ತುಂಬಿದ ಲೋಟ ತಟ್ಟೆಯಲ್ಲಿಟ್ಟು
"ಅದ್ದಿ" ಅಂದೆ.
ನಕ್ಕರು. ಅದ್ದಿದರು.
ಚೆಲ್ಲಿದ್ದನ್ನು ತೂಗಿದೆ: ಹದಿನಾಲ್ಕು ಗ್ರಾಂ.
ನೀರಿನಿಂದ ಹಿಟ್ಟಿಗೆ ಇಳಿಸಿದರೆ ಒಂಬತ್ತು.
ಆರು ಲೋಟಕ್ಕೆ ಐವತ್ತನಾಲ್ಕು.
ಒಂದು ಹಿಡಿ.
ಇಷ್ಟು ವರ್ಷ ಈ ಮನೆಯ ಗಾತಾ ಮೆತ್ತಗಿದ್ದದ್ದು
ಹಾಕದೆ ಬಿಟ್ಟ ಆ ಒಂದು ಹಿಡಿಯಿಂದ.

ಒಂಬೈನೂರ ಆರು, ಬರೆದೆ.
ಕೆಳಗೆ ಎರಡು ಗೆರೆ ಎಳೆದೆ.

ಅತ್ತೆ ಒದ್ದೆ ಬೆರಳನ್ನು ಏಪ್ರನ್ನಿಗೊರೆಸಿ
ದೀಪಕ್ಕೆ ಹಿಡಿದು ನೋಡಿದರು,
ಯಾರೋ ಮರೆತುಬಿಟ್ಟು ಹೋದದ್ದೇನೋ ಎಂಬಂತೆ.
ಊದಿದ ಗೆಣ್ಣು. ಅಗಲವಾದ ಉಗುರು.
"ಅದನ್ನು ಬರೆದಾಗ ನನಗೆ ಇಪ್ಪತ್ತೆರಡು, ಹೈಕನುಷ್.
ಆಗ ಇದು ಇಷ್ಟು ದಪ್ಪ ಇರಲಿಲ್ಲ.
ಮದುವೆಯುಂಗುರ ಇದಕ್ಕೂ ಆಗುತ್ತಿತ್ತು."

ಯಾರೂ ಮುಟ್ಟದ ತಕ್ಕಡಿ ತನ್ನಷ್ಟಕ್ಕೇ ಆರಿತು.
ತೂಗುವುದಿಲ್ಲದಾಗ ಅದೂ ತೂಕಡಿಸುತ್ತದೆ.
ಹೊರಗೆ ಯಾರೋ ಸಲಿಕೆಯಿಂದ ಹಿಮ ಕೆರೆಯುವ ಸದ್ದು.
ನಾನು ಪೆನ್ಸಿಲನ್ನು ರಬ್ಬರಿನ ತುದಿಗೆ ತಿರುಗಿಸಿ ಕೂತೆ.

"ಮತ್ತೆ ಎಷ್ಟು ಹಾಕಲಿ?"

ಅವರು ಲೋಟಕ್ಕೆ ಮತ್ತೆ ನೀರು ತುಂಬಿದರು,
ತುಟಿಯವರೆಗೆ, ಒಂದು ಹನಿಗೂ ಜಾಗವಿಲ್ಲದಂತೆ.
"ನಿನ್ನದು ತೋರಿಸು."

ಹೋಟೆಲಿಗೆ ಹೋದ ಪಟ್ಟಿಯಲ್ಲಿ ಹಿಟ್ಟು
ಒಂಬೈನೂರ ಹದಿನೆಂಟು ಗ್ರಾಂ.
ಆ ಹದಿನೆಂಟು ಎಲ್ಲಿಂದ ಬಂತೆಂದು
ಈವರೆಗೆ ಯಾರೂ ಕೇಳಿಲ್ಲ.