ಇನ್ನೂರೈವತ್ತು ತಾಸು

ಪುಸ್ತಕದಲ್ಲಿ ಇನ್ನೂರೈವತ್ತು ತಾಸು ಅಂತಿದೆ,
ಇಲ್ಲವೇ ವರುಷಕ್ಕೊಮ್ಮೆ, ಯಾವುದು ಮೊದಲೋ ಅದು.
ಪುಸ್ತಕ ಬರೆದವನು ಬೈತಖೋಲಿಗೆ ಬಂದವನಲ್ಲ.
ಇಲ್ಲಿ ತಾಸು ಎಣಿಸುವ ಮೀಟರು
ಮೊದಲ ಮಳೆಗಾಲಕ್ಕೇ ಉಪ್ಪು ತಿಂದು ಸಾಯುತ್ತದೆ,
ಗಾಜಿನ ಹಿಂದೆ ಅಂಕಿಗಳು ಪಾಚಿಗಟ್ಟಿ ನಿಲ್ಲುತ್ತವೆ.

ಆಮೇಲೆ ತಾಸು ಎಣಿಸುವುದು ತಾಂಡೇಲರ ಬಾಯಿ.
"ಈ ಸಲ ಎಲ್ಲಿ ಓಡ್ತು ಮಾರಾಯಾ, ಮೀನೇ ಇಲ್ಲ" ಅಂದರೆ
ನಾನೂರು ದಾಟಿದೆ ಅಂತ ಅರ್ಥ.
ಮೀನಿಲ್ಲದ ವರುಷವೇ ಇಂಜಿನು ಹೆಚ್ಚು ಓಡುವುದು,
ಹುಡುಕಬೇಕಲ್ಲ.

ಇನಾಸ ಮೇಸ್ತ್ರಿ ಡೀಸೆಲ್ಲಿನ ಚೀಟಿ ಕೇಳುತ್ತಿದ್ದ.
ಬಾಯಿಗಿಂತ ಬ್ಯಾರಲ್ಲು ನಿಜ ಹೇಳ್ತದೆ ಎಂದು
ತಾಸಿಗೆ ಹದಿನೈದು ಲೀಟರು ಹಿಡಿದು
ಅಂಗೈ ಮೇಲೆ ಬಾಲ್‌ಪೆನ್ನಿನ ಭಾಗಾಕಾರ.
"ಎಣ್ಣೆ ಬದಲಿಸು, ಫಿಲ್ಟರು ಇನ್ನೊಂದು ಸಲಕ್ಕಿರಲಿ"
ಅಂದವರಿಗೆ ಅವನದು ಒಂದೇ ಪ್ರಶ್ನೆ:
"ಮಿಂದ ಮೇಲೆ ಹಳೇ ಚಡ್ಡಿಯನ್ನೇ ಹಾಕ್ಕೊಳ್ತೀಯೇನೋ?"
"ಹೌದು, ಹಾಕ್ಕೊಳ್ತೆ" ಅಂದುಬಿಟ್ಟ ಒಬ್ಬ, ಮುದಗಾ ಕಡೆಯವ.
ಅವತ್ತು ಇನಾಸನಿಗೆ ಮಾತು ಹೊಳೆಯಲಿಲ್ಲ.

ನನಗೆ ಅವನು ಮೊದಲು ಕಲಿಸಿದ್ದು
ಹಾಕುವುದನ್ನಲ್ಲ, ಕೊಯ್ಯುವುದನ್ನು.
ಹ್ಯಾಕ್ಸಾ ಬ್ಲೇಡಿನಲ್ಲಿ ತಗಡಿನ ಡಬ್ಬಿಯ ಸೊಂಟ ಕೊಯ್ದು
ಒಳಗಿನ ನೆರಿಗೆ ಕಾಗದ ಬಿಡಿಸಿ ಬಿಸಿಲಿಗೆ ಹಿಡಿ.
ಬರೀ ಕಪ್ಪಾದರೆ ಮಸಿ, ಹೆದರಬೇಡ.
ಬಂಗುಡೆಯ ಹೊಟ್ಟೆಯ ಹಾಗೆ ಮಿನುಗಿದರೆ
ಎಲ್ಲೋ ಸವೆಯುತ್ತಿದೆ, ಕಿವಿಗೊಡು.
ತಾಮ್ರದ ಬಣ್ಣ ಕಂಡರೆ ಸುಮ್ಮನೆ ಧಣಿಯ ಮನೆಗೆ ಹೋಗು,
ಚಾ ಕುಡಿದಾದ ಮೇಲೆ ಹೇಳು.
ಮೊದಲ ಸಲ ಬ್ಲೇಡಿನ ಪುಡಿಯನ್ನೇ ಕಂಡು
ಇಂಜಿನು ಹೋಯ್ತು ಅಂತ ಕೂಗಿ ಬೈಸಿಕೊಂಡೆ.

ತುಂಬಿಹೋದ ಫಿಲ್ಟರು ಇಂಜಿನನ್ನು ಉಪವಾಸ ಕೆಡಹುವುದಿಲ್ಲ.
ಒಳಗೊಂದು ಸಣ್ಣ ಬಾಗಿಲಿದೆ, ಸ್ಪ್ರಿಂಗಿನದು,
ದಾರಿ ಕಟ್ಟಿದಾಗ ತೆರೆದುಕೊಳ್ಳುತ್ತದೆ,
ಸೋಸದ ಎಣ್ಣೆ ಹಾಗೇ ಒಳಕ್ಕೆ.
ಗೇಜು ಸರಿ ತೋರಿಸುತ್ತದೆ. ಸದ್ದೂ ಸರಿ.
ಬಾಯಾರಿ ಸಾಯುವುದಕ್ಕಿಂತ ಕೆಸರು ಕುಡಿಯುವುದು ವಾಸಿ ಅಂತ
ಯಾರೋ ಯೋಚಿಸಿ ಇಟ್ಟ ಬಾಗಿಲು.
"ತೆಗೆದದ್ದು ಯಾರಿಗೂ ಗೊತ್ತಾಗೂದಿಲ್ಲ, ಅದೇ ಪಂಚಾಯ್ತಿ"
ಅನ್ನುತ್ತಿದ್ದ ಇನಾಸ.
ಅವನ ಸ್ಕೂಟರು ಎಣ್ಣೆ ಕಂಡು ಐದು ವರುಷವಾಗಿತ್ತು.

ಸುಗ್ಗಿ ಹೊತ್ತಿಗೆ ಇನಾಸ ಹೋದ.
ಈಗ ಜುಲೈ ಕೊನೆ, ಬಂದಿಯ ದಿನಗಳು ಮುಗಿಯುತ್ತಿವೆ,
ತಾಡಪಾಲಿನ ಕೆಳಗೆ ಬೋಟುಗಳೆಲ್ಲ ಹೊಟ್ಟೆ ಬಿಚ್ಚಿಕೊಂಡಿವೆ.
ಮಂಕಾಳಿಬಾಯಿಯ ಬೋಟಿನ ಫಿಲ್ಟರಿನ ಮೇಲೆ
ಬಿಳಿ ಪೇಂಟಿನಲ್ಲಿ ಹೋದ ಜುಲೈಯ ತಾರೀಖು,
ಬಾಲ ಉದ್ದವಾದ ಅವನ ಒಂಬತ್ತು.
ಕೆಲಸದವರು ಸಿಗದೆ ಬೋಟು ಇಡೀ ವರುಷ
ತೊಂಬತ್ತು ತಾಸೂ ಓಡಿಲ್ಲ.
"ಇನ್ನೂ ಉಳಿದದೆ ಅಲ್ಲನೋ" ಅಂದಳು.
ಉಳಿದಿದೆ, ನೂರ ಅರವತ್ತು ತಾಸು,
ನಾನೂ ಬೆರಳು ಮಡಚಿ ನೋಡಿದೆ.
ಆದರೆ ನಿಂತ ಎಣ್ಣೆಗೂ ವಯಸ್ಸಾಗುತ್ತದೆ,
ಕಾಗದ ನೆನೆದು ಮೆತ್ತಗಾಗುತ್ತದೆ.
ಯಾವುದು ಮೊದಲೋ ಅದು.

ಚೈನು ಸುತ್ತಿ ಎಳೆದೆ. ಬರಲಿಲ್ಲ.
ಅವನು ಕೈಯಲ್ಲೇ ಬಿಗಿದದ್ದು, ಮುಕ್ಕಾಲು ಸುತ್ತು,
ಆ ಕೈಯ ಜೋರು ಹಾಗೇ ಇತ್ತು.
ಎರಡನೇ ಸಲಕ್ಕೆ ಕಿರ್ರೆಂದು ಬಿಟ್ಟುಕೊಟ್ಟಿತು.
ಹೊಸದರ ರಬ್ಬರು ಬಳೆಗೆ ಬೆರಳಲ್ಲಿ ಎಣ್ಣೆ ಸವರಿ
ತಾಗುವವರೆಗೆ ತಿರುಗಿಸಿ, ಮತ್ತೆ ಮುಕ್ಕಾಲು.
ತಾರೀಖು ಬರೆದೆ. ನನ್ನ ಒಂಬತ್ತಕ್ಕೆ ಬಾಲ ಗಿಡ್ಡ.

ಹಳೆಯದನ್ನು ರಾತ್ರಿಯಿಡೀ ಕರಟದ ಮೇಲೆ ಬೋರಲಿಟ್ಟೆ.
ಬೆಳಿಗ್ಗೆ ಅಕ್ಷರಕ್ಕೆ ತಾಗದ ಹಾಗೆ
ಎರಡು ಬೆರಳು ಕೆಳಗೆ ಬ್ಲೇಡಿಟ್ಟು ಕೊಯ್ದೆ,
ನೆರಿಗೆ ಬಿಡಿಸಿದೆ, ಕಾಳಿ ಹೊಳೆ ಕಡೆಯಿಂದ ಬಿದ್ದ
ಒಂದು ಕ್ಷಣದ ಬಿಸಿಲಿಗೆ ಹಿಡಿದೆ.

ಬರೀ ಮಸಿ.
ಮಂಕಾಳಿಬಾಯಿ ಒಲೆಯ ಮೇಲೆ ಚಾಕ್ಕೆ ಇಡುತ್ತಿದ್ದಳು,
ಕುಡಿಯುವ ಮೊದಲೇ ಹೇಳಿದೆ.