ಮೂವತ್ತೈದು ಆಂಪ್

ಎವಾರಿಸ್ತೋ ಹಲ್ಲು ಹೊತ್ತು ತಿರುಗುವವನು.
ಕೆಳಪೇಟೆಯ ಲ್ಯಾಬಿನಿಂದ ಗುಡ್ಡದ ಮೇಲಿನ ದಂತವೈದ್ಯರಿಗೆ
ಬೆನ್ನಿನ ಡಬ್ಬಿಯಲ್ಲಿ ಕಟ್ಟುಹಲ್ಲಿನ ಸೆಟ್ಟು,
ಹತ್ತಿಯಲ್ಲಿ ಸುತ್ತಿ, ಹೆಸರು ಬರೆದು.
ಕಾಲಡಿಗೆ ಒಂದೇ ಗಾಲಿಯ ಹಲಗೆ.
ಮುಂದೆ ಬಾಗಿದರೆ ಓಟ, ಹಿಂದೆ ವಾಲಿದರೆ ಬ್ರೇಕು.
ಸೆಕೆಂಡಿಗೆ ನೂರಾರು ಸಲ ಅದು ತನ್ನನ್ನೇ ಕೇಳಿಕೊಳ್ಳುತ್ತದೆ:
ಬೀಳಲೇ? ಬೇಡವೇ?

ವಾಲ್ಪರೈಸೊದಲ್ಲಿ ರಸ್ತೆಗಳು ಮಲಗುವುದಿಲ್ಲ,
ಗೋಡೆಗೆ ಒರಗಿ ನಿಂತಿರುತ್ತವೆ.

ಮಂಗಳವಾರ ಬಿದ್ದ.
ಮರಿಪೋಸಾಸ್ ಗುಡ್ಡದ ಏರು ಮುಗಿದು
ಅಂಗೈಯಷ್ಟು ಸಮತಟ್ಟು ಬರುವಲ್ಲಿ
ಹನ್ನೊಂದರ ಪೇಷಂಟು ಕಾಯುತ್ತಿದ್ದಾಳೆಂದು ಇನ್ನೂ ಬಾಗಿದ.
ಹಲಗೆ ಮೂತಿ ಊರಿತು.
ಡಬ್ಬಿ ಬಾಯಿಬಿಟ್ಟು ಏಳು ಸೆಟ್ಟು ಹಲ್ಲು
ಮೆಟ್ಟಿಲು ಮೆಟ್ಟಿಲು ನಗುತ್ತಾ ಇಳಿದವು.
ಆರು ಸಿಕ್ಕಿತು.
ಏಳನೆಯದನ್ನು ಕಂದು ನಾಯಿಯೊಂದು
ಕಚ್ಚಿಕೊಂಡು ಓಡಿತು, ಯಾರದೋ ನಗೆಯನ್ನು.

ಮೊಣಕೈಗೆ ಪಟ್ಟಿ ಕಟ್ಟಿಕೊಂಡು ನನ್ನ ಅಂಗಡಿಗೆ ಬಂದ.
(ಮುಂಚೆ ಇದು ಚಪ್ಪಲಿ ಹೊಲಿಯುವವನ ಗೂಡು,
ಮಳೆ ಬಂದರೆ ಇನ್ನೂ ತೊಗಲಿನ ವಾಸನೆ.)
'ಯಾಸ್ನಾ, ಬೂಸ್ಟ್ ಸಾಲದು. ಮೂವತ್ತೈದು ಮಾಡು.'
ಈಗೆಷ್ಟಿದೆ?
'ಇಪ್ಪತ್ತು.'
ಬಡ್ಡಿ ಅಂಗಡಿಗೆ ಬಂದವನ ಹಾಗೆ ಕೂತಿದ್ದ,
ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು.

ಕೇಬಲ್ ಚುಚ್ಚಿ ಆ ಗಳಿಗೆಯ ದಾಖಲೆ ತೆರೆದೆ.
ಮೋಟಾರು ಆಗಲೇ ನೂರಕ್ಕೆ ತೊಂಬತ್ತೆರಡು ಕೊಟ್ಟಾಗಿತ್ತು,
ಚಳಿಗೆ ಬ್ಯಾಟರಿ ಮುದುಡಿತ್ತು.
ಕೈಯಲ್ಲಿ ಉಳಿದದ್ದು ಎಂಟು,
ಇವನು ಕೇಳಿದ್ದು ಅದರ ಮೂರರಷ್ಟು.
ಇಲ್ಲ ಅನ್ನಲು ಹಲಗೆಗೆ ಬಾಯಿಲ್ಲ.
ಇರುವುದೊಂದು ಮೂತಿ. ಅದನ್ನೇ ಊರಿತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಇಲ್ಲಿ ಹಾಸಿಗೆಯೇ ಓಡುತ್ತಿರುತ್ತದೆ,
ಓಡಿದಷ್ಟೂ ಗಿಡ್ಡವಾಗುತ್ತದೆ.

ಹೇಳಿ ನೋಡಿದೆ. ಬೂಸ್ಟ್ ಅಂದರೆ ಹೊಸ ಶಕ್ತಿಯಲ್ಲ,
ಇದ್ದದ್ದನ್ನೇ ಬೇಗ ಕೊಡುವುದು. ಮೂತಿ ಇಳಿಯಹತ್ತಿದಾಗ
ಕೆಳಗಿನಿಂದ ಹೆಗಲು ಕೊಡುವುದು.
ಹೆಗಲೇ ಇಲ್ಲದ ಕಡೆ?
ಅವನು ಕೇಳಿಸಿಕೊಳ್ಳಲಿಲ್ಲ. ಕಿಟಕಿಯಾಚೆ
ಕಡಲಿನಿಂದ ಮಂಜು ಎದ್ದು ಬಂದರಿನ ಕ್ರೇನುಗಳನ್ನು
ಒಂದೊಂದಾಗಿ ಅಳಿಸುವುದನ್ನು ನೋಡುತ್ತಿದ್ದ.
'ಹಲ್ಲಿನ ದುಡ್ಡು ನನ್ನ ಸಂಬಳದಲ್ಲಿ ಮುರಿಯುತ್ತಾರೆ' ಅಂದ.
'ಮೂವತ್ತೈದು.'

ಆಯಿತು ಅಂದೆ.

ಅವನು ಹೋದ ಮೇಲೆ ಶಟರು ಅರ್ಧ ಇಳಿಸಿ ಕೂತೆ.
ಒಂಬತ್ತು ಡಿಗ್ರಿಗೆ ಏಳುತ್ತಿದ್ದ ಬೂಸ್ಟನ್ನು ಐದಕ್ಕೇ ಎಬ್ಬಿಸಿದೆ.
ಒಮ್ಮೆಲೇ ಒದೆಯುತ್ತಿತ್ತು; ಆರು ಡಿಗ್ರಿಯುದ್ದಕ್ಕೂ ಹಾಸಿದೆ.
ಕರೆಂಟು: ಹದಿನಾಲ್ಕು.
ಮತ್ತೆ ನೋಡಿದೆ. ಹದಿನಾಲ್ಕೇ.
ಎಚ್ಚರಿಕೆಗೆ ಮೂತಿ ಎತ್ತುವುದನ್ನು ಎಪ್ಪತ್ತೈದಕ್ಕೆ ತಂದೆ,
ಓಡುವ ಮಗುವಿನ ಅಂಗಿ ಹಿಂದಿನಿಂದ ಹಿಡಿದ ಹಾಗೆ.
ಮಧ್ಯರಾತ್ರಿ ನಾನೇ ಹತ್ತಿ ಗುಡ್ಡ ಏರಿದೆ,
ಅವನ ತೂಕಕ್ಕೆ ಸರಿಯಾಗಲೆಂದು ಬೆನ್ನಿಗೆ ಸಿಮೆಂಟಿನ ಅರೆಚೀಲ.
ಪಾದದಡಿ ಒಂದು ಗುನುಗು,
ಹಿಟ್ಟು ನಾದುವ ಕೈಯಂತೆ ಮೆತ್ತಗೆ ಒತ್ತಿ ಒತ್ತಿ
ಹಲಗೆ ನನ್ನನ್ನು ಮೇಲಕ್ಕೊಯ್ದಿತು.
ತಗಡಿನ ಮನೆಗಳ ಹಳದಿ, ನೀಲಿ
ಕತ್ತಲಲ್ಲಿ ಒಂದೇ ಬಣ್ಣ.

ಗುರುವಾರ ಬೆಳಿಗ್ಗೆ ಒಂದು ಸುತ್ತು ಹೊಡೆದು ಬಂದು
ನನ್ನ ಬೆನ್ನಿಗೊಂದು ಬಿಟ್ಟ.
'ಇದಪ್ಪಾ ಮೂವತ್ತೈದು ಅಂದರೆ!'
ದುಡ್ಡು ಕೊಟ್ಟ. ತೆಗೆದುಕೊಂಡೆ.
ಚಿಲ್ಲರೆ ಎಣಿಸುವಾಗ ಮುಖ ನೋಡಲಿಲ್ಲ.

ಮೂರು ತಿಂಗಳಾಯಿತು, ಬಿದ್ದಿಲ್ಲ.
ನಿನ್ನೆ ಮತ್ತೆ ಬಂದಿದ್ದ, ಹೆಲ್ಮೆಟ್ಟು ತೊಡೆಯ ಮೇಲೆ:
'ನಲವತ್ತು ಆಗುತ್ತದಾ?'

ನನ್ನ ಹಲಗೆ ಮೂಲೆಯಲ್ಲಿದೆ.
ಅದರ ಅಂಕಿ ಬರೆದದ್ದು ನನ್ನ ಎಡಗೈ ಮುರಿಯುವ ಮುಂಚೆ;
ಆಮೇಲೆ ನಾನದನ್ನು ತೆರೆದಿಲ್ಲ.

ಸಂಜೆ ಬಾಗಿಲು ಹಾಕುವಾಗ ಮೆಟ್ಟಿಲ ಮೇಲೆ ಆ ಕಂದು ನಾಯಿ.
ಬಾಯಲ್ಲಿ ಏನಿರಲಿಲ್ಲ.
ಆಕಳಿಸಿತು, ಅದರದೇ ಹಲ್ಲು.